ಗ್ರೀಕರ ಒಲೆಯಲ್ಲಿ ಬೆಂದ ಮೀನು

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸ್ಟ್ರಾಬೊ ಎಂಬ ಭೂಗೋಳಶಾಸ್ತ್ರಜ್ಞ ಒಂದು ವಿನೋದದ ಕಥೆಯನ್ನು ಬರೆದಿಟ್ಟಿದ್ದಾನೆ. ಏಷ್ಯಾ ಮೈನರಿನ ಕರಾವಳಿಯಲ್ಲಿ ಇಯಾಸಸ್ ಎಂಬ ಗ್ರೀಕರ ಊರು. ನೆಲ ಬರಡು, ಊರಿನವರ ಜೀವನವೆಲ್ಲ ಸಮುದ್ರದಿಂದ. ಅಲ್ಲಿಗೆ ಒಮ್ಮೆ ಒಬ್ಬ ತಂತಿವಾದ್ಯದ ವಿದ್ವಾಂಸ ಬಂದು ಕಚೇರಿ ಮಾಡಿದ. ಜನ ತುಂಬಿ ಕುಳಿತಿದ್ದರು. ಅಷ್ಟರಲ್ಲಿ ಮೀನುಪೇಟೆಯ ಗಂಟೆ ಬಾರಿಸಿತು. ಸಭೆಗೆ ಸಭೆಯೇ ಎದ್ದು ಓಡಿತು. ಒಬ್ಬ ಮಾತ್ರ ಅಲುಗಾಡದೆ ಕುಳಿತಿದ್ದ. ವಿದ್ವಾಂಸನು ಅವನ ಬಳಿಗೆ ಹೋಗಿ, ಗಂಟೆಯ ಸದ್ದಿಗೆ ಎಲ್ಲರೂ ಎದ್ದುಹೋದರೂ ತಾವೊಬ್ಬರು ಸಂಗೀತಕ್ಕೆ ಮರ್ಯಾದೆ ಕೊಟ್ಟಿರಿ ಎಂದು ವಂದಿಸಿದ. ಆತನಿಗೆ ಕಿವಿ ಮಂದ. ಗಂಟೆ ಆಗಿಹೋಯಿತೇ ಎಂದು ಕೇಳಿದ. ಹೌದೆಂದ ಕೂಡಲೆ, ನಿಮಗೆ ಒಳ್ಳೆಯದಾಗಲಿ ಎಂದು ಹರಸಿ ತಾನೂ ಪೇಟೆಗೆ ಓಡಿದ.

ರೇಡಿಯೋದ ಮುಂದೆ ಕುಳಿತವರನ್ನು ಅಡಿಗೆಮನೆಯ ಒಗ್ಗರಣೆ ಎಬ್ಬಿಸಿಕೊಂಡು ಹೋಗುವುದು ನಮ್ಮಲ್ಲೂ ಉಂಟು. ಆದ್ದರಿಂದ ಇಯಾಸಸಿನವರನ್ನು ನಾವು ಬಹಳ ಹಳಿಯಲಾರೆವು. ವಾಚಕರಲ್ಲಿ ಮೀನು ಮುಟ್ಟದವರು ಅನೇಕರಿರಬಹುದು. ಅವರು ಪುಟ ತಿರುಗಿಸಬೇಕಾಗಿಲ್ಲ. ಗ್ರೀಕರು ಮೀನಿಗೆ ಏನೇನು ಬೆರೆಸಿದರು, ಏನನ್ನು ಬೇಡವೆಂದರು ಎಂಬ ಕಥೆಯಲ್ಲಿ ನಮ್ಮ ಇಂಗು, ಮೆಣಸು, ಜೀರಿಗೆಗಳ ಬಂಧುಬಳಗವೂ ಬರುತ್ತದೆ. ಒಂದು ಜನಾಂಗ ತನ್ನದು ಯಾವುದು, ಪರರದು ಯಾವುದು ಎಂದು ಜಗಳಾಡಿದ ಕಥೆಯೂ ಬರುತ್ತದೆ.

ಪ್ರಾಚೀನ ಗ್ರೀಕರ ಊಟದಲ್ಲಿ ಎರಡು ಭಾಗ. ಬಾರ್ಲಿಯ ಅಥವಾ ಗೋಧಿಯ ರೊಟ್ಟಿ ಮುಖ್ಯವಾದದ್ದು. ಅದಕ್ಕೆ ನಂಚಿಕೊಳ್ಳುವುದಕ್ಕೆ 'ಒಪ್ಸನ್', ಎಂದರೆ ನಮ್ಮ ಹಳೆಯ ಮಾತಿನಲ್ಲಿ ಮೇಲೋಗರ. ಮೇಲೋಗರಗಳಲ್ಲಿ ಮೀನೇ ರಾಜ. ಎಷ್ಟರ ಮಟ್ಟಿಗೆಂದರೆ, ಇಂದಿನ ಗ್ರೀಕ್ ಭಾಷೆಯಲ್ಲಿ ಮೀನಿಗೆ ಇರುವ 'ಪ್ಸಾರಿ' ಎಂಬ ಹೆಸರು ಆ 'ಒಪ್ಸನ್' ಎಂಬ ಮಾತಿನಿಂದಲೇ ಬಂದದ್ದು. ಮೇಲೋಗರ ಎಂದರೆ ಮೀನು ಎಂದೇ ಆಗಿಹೋಯಿತು.

ಈ ಮೀನನ್ನು ಹೇಗೆ ಬೇಯಿಸಬೇಕು ಎಂಬ ಬಗ್ಗೆ ಅವರಲ್ಲಿ ಎರಡು ಪಕ್ಷಗಳಿದ್ದವು. ಮೊದಲನೆಯ ಪಕ್ಷಕ್ಕೆ ಮಿಥೈಕಸ್ ಎಂಬ ಪಾಕಶಾಸ್ತ್ರಜ್ಞನನ್ನು ಪ್ರತಿನಿಧಿಯಾಗಿ ಇಟ್ಟುಕೊಳ್ಳೋಣ. ಈತ ಕ್ರಿ. ಪೂ. 5ನೆಯ ಶತಮಾನದ ಕೊನೆಯವನು. ಸಿಸಿಲಿ ದ್ವೀಪದ ಅಡಿಗೆಯ ಮೇಲೆ ಪುಸ್ತಕ ಬರೆದವನು. ಪ್ಲೇಟೋನ 'ಗೋರ್ಗಿಯಾಸ್' ಸಂವಾದದಲ್ಲಿ ಇವನ ಹೆಸರು ಬರುತ್ತದೆ. ಅವನ ಪುಸ್ತಕದಿಂದ ಮೀನಿನ ಒಂದೇ ಒಂದು ಪಾಕವಿಧಾನ ಉಳಿದಿದೆ: ಪಟ್ಟಿಯಂತೆ ಉದ್ದವಾದ ಒಂದು ಜಾತಿಯ ಮೀನಿನ ತಲೆ ತೆಗೆದು, ತೊಳೆದು, ಹೆಚ್ಚಿ, ಮೇಲೆ ಗಿಣ್ಣವನ್ನೂ ಎಣ್ಣೆಯನ್ನೂ ಸುರಿಯುವುದು. ಇಲ್ಲಿ ಗಿಣ್ಣವೆಂದರೆ ಹೆಪ್ಪುಗಟ್ಟಿಸಿದ ಚೀಸು. ನಮ್ಮ ಹಸುವಿನ ಗಿಣ್ಣಲ್ಲ.

ಎರಡನೆಯ ಪಕ್ಷದ ಮುಂದಾಳು ಆರ್ಕೆಸ್ಟ್ರಾಟಸ್. ಇವನೂ ಸಿಸಿಲಿಯವನೇ, ಗೇಲಾ ಎಂಬ ಊರಿನವನು, ಕ್ರಿ. ಪೂ. 4ನೆಯ ಶತಮಾನದ ಮಧ್ಯಭಾಗದಲ್ಲಿ ಇದ್ದ. ಗ್ರೀಕರ ಕರಾವಳಿಯನ್ನೆಲ್ಲ ಸುತ್ತಿ, ಯಾವ ಊರಿನಲ್ಲಿ ಯಾವ ಋತುವಿನಲ್ಲಿ ಯಾವ ಮೀನು ಒಳ್ಳೆಯದು ಎಂಬುದನ್ನು ವೀರಕಾವ್ಯದ ಛಂದಸ್ಸಿನಲ್ಲಿ ಬರೆದ. ಕಾವ್ಯ ಪೂರ್ತಿಯಾಗಿ ಉಳಿದಿಲ್ಲ. ಐದು ಶತಮಾನಗಳ ಮೇಲೆ ಈಜಿಪ್ಟಿನ ನೌಕ್ರಾಟಿಸ್ ಊರಿನ ಅಥೆನೇಯಸ್ ಎಂಬಾತ ವಿದ್ವಾಂಸರ ಭೋಜನಕೂಟವನ್ನು ಕುರಿತು 15 ಸಂಪುಟಗಳ ಗ್ರಂಥವನ್ನು ರಚಿಸಿದಾಗ, ಅದರಲ್ಲಿ ಉದಾಹರಿಸಿದ ಸುಮಾರು 60 ತುಣುಕುಗಳು ಮಾತ್ರ ನಮಗೆ ದೊರೆತಿವೆ. ಅವುಗಳಲ್ಲಿ ಬಹುಪಾಲು ಮೀನಿನ ಮಾತೇ.

ಆ ತುಣುಕುಗಳಲ್ಲಿ ಒಂದು ಅಡಿಗೆಯನ್ನು ನೋಡಿ. ಮೀನು 'ಅಮಿಯಾ', ನಮ್ಮ ಬಂಗುಡೆ, ಅಂಜಲ್‌ಗಳ ಕುಲಕ್ಕೇ ಸೇರಿದ್ದು. ಕೃತ್ತಿಕಾ ನಕ್ಷತ್ರಪುಂಜ ಮುಳುಗುವ ಶರತ್ಕಾಲದಲ್ಲಿ ಅದನ್ನು ಕೊಳ್ಳಬೇಕು. ಬೈಜಾಂಟಿಯಮ್ಮಿನಿಂದ ಬಂದದ್ದಾದರೆ ಇನ್ನೂ ಉತ್ತಮ. ಅಂಜೂರದ ಎಲೆಯಲ್ಲಿ ಮೀನನ್ನಿಟ್ಟು, ಓರೆಗಾನೊ ಸೊಪ್ಪನ್ನು ಸ್ವಲ್ಪವೇ ಹಾಕಿ, ಎಲೆ ಮಡಿಸಿ, ಜೊಂಡಿನ ನಾರಿನಿಂದ ಮೇಲೆ ಕಟ್ಟಿ, ಬಿಸಿಬೂದಿಯೊಳಗೆ ಹುದುಗಿಸಬೇಕು. ಹೊತ್ತಿಹೋಗದಂತೆ ಹೊತ್ತು ನೋಡಿಕೊಳ್ಳಬೇಕು. ಗಿಣ್ಣ ಕೂಡದು, ಬೇರೆ ಹುಚ್ಚಾಟ ಯಾವುದೂ ಕೂಡದು. ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸುವುದನ್ನು ಬಲ್ಲ ನಮ್ಮ ಕರಾವಳಿಯ ಮನೆಗಳಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಓರೆಗಾನೊ ಎಂಬುದೂ ನಮಗೆ ತೀರ ಅಪರಿಚಿತವಲ್ಲ. ಹೆಣ್ಣುಮಕ್ಕಳು ಹೂವಿನ ಜೊತೆಗೆ ಕಟ್ಟಿ ಮುಡಿಯುವ ಮರುಗದ ಅಕ್ಕತಂಗಿ ಅದು.

ಆರ್ಕೆಸ್ಟ್ರಾಟಸ್ ಮಸಾಲೆಯ ಶತ್ರುವೆಂದು ಯಾರೂ ತಿಳಿಯಬಾರದು. ಒರಟು ಮಾಂಸದ ಮೀನಿಗೆ ಗಿಣ್ಣವನ್ನೂ ಹುಳಿಯನ್ನೂ ಧಾರಾಳವಾಗಿ ಹಾಕಿರಿ ಎಂದು ಅವನೇ ಹೇಳುತ್ತಾನೆ. ಕೊಬ್ಬಿದ, ಮೃದುವಾದ ಮೀನಿಗೆ ಉಪ್ಪು ಚಿಮುಕಿಸಿ ಎಣ್ಣೆ ಸವರಿದರೆ ಸಾಕು. ಅವನು ಮೊದಲು ಮೀನನ್ನು ನೋಡುತ್ತಾನೆ, ಆಮೇಲೆ ಮಸಾಲೆಯ ಡಬ್ಬಿಗೆ ಕೈ ಹಾಕುತ್ತಾನೆ. ಸಿರಕ್ಯೂಸಿನ ಅಡಿಗೆಯವರನ್ನು ಒಳ್ಳೆಯ ಮೀನಿನ ಹತ್ತಿರ ಸೇರಿಸಬೇಡಿ ಎಂದು ಅವನು ಗದರುವುದು, ಅವರು ಯಾವ ಮೀನು ಸಿಕ್ಕಿದರೂ ಅದನ್ನು ಗಿಣ್ಣ, ಹುಳಿ, ಸಿಲ್ಫಿಯಂಗಳಲ್ಲಿ ಮುಳುಗಿಸಿಬಿಡುತ್ತಿದ್ದರು ಎಂಬುದಕ್ಕಾಗಿ.

ಈ ಸಿಲ್ಫಿಯಂ ಯಾವುದು? ಇಂದಿನ ಲಿಬಿಯಾ ದೇಶದ ಕರಾವಳಿಯಲ್ಲಿ ಗ್ರೀಕರು ಕಟ್ಟಿದ ಸಿರೀನ್ ಪಟ್ಟಣದ ಸುತ್ತಮುತ್ತ ಮಾತ್ರ ಬೆಳೆಯುತ್ತಿದ್ದ ಗಿಡ. ಅದರ ಕಾಂಡದಿಂದಲೂ ಬೇರಿನಿಂದಲೂ ಒಸರುವ ಅಂಟಿಗೆ ಗ್ರೀಕರೂ ರೋಮನರೂ ಬೇಕಾದ ಬೆಲೆ ತೆರುತ್ತಿದ್ದರು. ಸಿರೀನ್ ತನ್ನ ನಾಣ್ಯಗಳ ಮೇಲೆ ಆ ಗಿಡದ ಚಿತ್ರವನ್ನೇ ಒತ್ತಿಸಿತು. ಆದರೆ ಗಿಡ ತೋಟದ ಕೃಷಿಗೆ ಒಗ್ಗಲಿಲ್ಲ. ಹುಲ್ಲುಗಾವಲಿನ ಗುತ್ತಿಗೆದಾರರು ಹೆಚ್ಚಿನ ಲಾಭಕ್ಕಾಗಿ ಕುರಿಗಳನ್ನು ಬಿಟ್ಟು ಮೇಯಿಸಿದರು ಎಂದು ಪ್ಲಿನಿ ದೂರುತ್ತಾನೆ. ತನ್ನ ಕಾಲದಲ್ಲಿ ಒಂದೇ ಒಂದು ದಂಟು ಸಿಕ್ಕಿತೆಂದೂ ಅದನ್ನು ನೀರೋ ಚಕ್ರವರ್ತಿಗೆ ಕಳುಹಿಸಿಕೊಟ್ಟರೆಂದೂ ಅವನು ಬರೆದಿದ್ದಾನೆ. ಕ್ರಿ. ಶ. 1ನೆಯ ಶತಮಾನಕ್ಕೆ ಅದರ ಕಥೆ ಮುಗಿಯಿತು. ಮೆಚ್ಚಿದ ವಸ್ತುವನ್ನು ಕಾಪಾಡಿಕೊಳ್ಳಲಾರದೆ ಹೋದವರು ಬದಲಿಯನ್ನು ಹುಡುಕಬೇಕಾಯಿತು. ಪರ್ಷಿಯಾದ ಕಡೆಯಿಂದ ಬರುತ್ತಿದ್ದ, ಕೀಳೆಂದು ಎಣಿಸಿದ್ದ ಒಂದು ಅಂಟು ಅದರ ಸ್ಥಾನಕ್ಕೆ ಬಂತು. ಆ ಬದಲಿ ವಸ್ತುವೇ ನಮ್ಮ ಸಾರಿನ ಒಗ್ಗರಣೆಯ ಇಂಗು.

ಇನ್ನು ಕರಿಮೆಣಸು. ಆರ್ಕೆಸ್ಟ್ರಾಟಸನ ತುಣುಕುಗಳಲ್ಲಿ ಅದರ ಸುಳಿವಿಲ್ಲ. ಗ್ರೀಕರ 'ಪೆಪೆರಿ' ನಮ್ಮ 'ಪಿಪ್ಪಲಿ'ಯಿಂದ ಹೋದ ಮಾತು. ಆದರೆ ಆ ಕಾಲದಲ್ಲಿ ಅದು ಅಡಿಗೆಮನೆಯ ಸಾಮಾನಲ್ಲ, ವೈದ್ಯನ ಔಷಧ. ಕ್ರಿ. ಪೂ. 30ರಲ್ಲಿ ಈಜಿಪ್ಟ್ ರೋಮನರ ವಶವಾದ ಮೇಲೆ, ಮಾನ್ಸೂನ್ ಗಾಳಿಯನ್ನು ಹಿಡಿದು ಕೆಂಪು ಸಮುದ್ರದಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದುವೆಂದು ಅದೇ ಸ್ಟ್ರಾಬೊ ಹೇಳುತ್ತಾನೆ. ಮಲಬಾರಿನ ಮುಜಿರಿಸ್ ರೇವಿನಿಂದ ಮೆಣಸು ಮೂಟೆಮೂಟೆಯಾಗಿ ಹೋಯಿತು. ಆ ಓಡಾಟದ ನೆನಪು ಒಂದು ಗ್ರೀಕ್ ಪ್ರಹಸನದಲ್ಲೂ ಉಳಿದಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಅಚ್ಚಾದ ಪಪೈರಸ್ಸಿನಲ್ಲಿ, ಹಿಂದೂ ಮಹಾಸಾಗರದ ತೀರದ ರಾಜನೊಬ್ಬನ ಸೆರೆಯಲ್ಲಿದ್ದ ಗ್ರೀಕ್ ಹೆಣ್ಣಿನ ಕಥೆಯಿದೆ. ರಾಜನ ಕಡೆಯವರು ಆಡುವ ವಿಚಿತ್ರ ಮಾತುಗಳು ಕನ್ನಡವೆಂದು ಹುಲ್ಷ್ ಎಂಬ ವಿದ್ವಾಂಸರು 1904ರಲ್ಲಿ ಸೂಚಿಸಿದರು. ನಮ್ಮವರಲ್ಲಿ ಗೋವಿಂದ ಪೈಗಳು ಮೊದಲಾದವರು ಅದನ್ನು ವಿಚಾರ ಮಾಡಿದರು, ಒಪ್ಪದವರೂ ಇದ್ದಾರೆ.

ಹೀಗೆ ಬಂದವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು, ಇಂದು ಗ್ರೀಸಿನ ಮನೆಗಳಲ್ಲಿ ಮಾಡುವ 'ಪ್ಲಾಕಿ' ಎಂಬ ಅಡಿಗೆಯನ್ನು ನೋಡೋಣ. ಸುಮಾರು ಒಂದು ಕಿಲೋ ಗಟ್ಟಿ ಮೀನಿಗೆ ಉಪ್ಪು, ನಿಂಬೆರಸ ಸವರಿಡುವುದು. ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಅರ್ಧ ಬಟ್ಟಲು ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬಾಡಿಸಿ, ನಾಲ್ಕು ಟೊಮಾಟೊ ಹೆಚ್ಚಿ ಹಾಕಿ, ಒಂದು ಹಿಡಿ ಪಾರ್ಸ್ಲಿ ಸೊಪ್ಪು, ಚಿಟಿಕೆ ಓರೆಗಾನೊ, ಮೆಣಸಿನ ಪುಡಿ ಸೇರಿಸಿ, ಅಂಚುಳ್ಳ ತಟ್ಟೆಯಲ್ಲಿ ಮೀನಿನ ಮೇಲೆ ಹರಡುವುದು. 180 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ, ಹೋಳುಗಳಾದರೆ ಅರ್ಧ ಗಂಟೆ, ಇಡೀ ಮೀನಾದರೆ ಮುಕ್ಕಾಲು ಗಂಟೆ. ಮಾಂಸ ಮುಳ್ಳನ್ನು ಬಿಟ್ಟುಕೊಟ್ಟರೆ ಬೆಂದಿತೆಂದು ಅರ್ಥ. ಮನೆಗಳಲ್ಲಿ ಇಂಥ ಒಲೆ ಇಲ್ಲದ ಕಾಲದಲ್ಲಿ ತಟ್ಟೆಯನ್ನು ಊರಿನ ರೊಟ್ಟಿ ಭಟ್ಟಿಗೆ ಹೊತ್ತುಕೊಂಡು ಹೋಗಿ ಬೇಯಿಸಿಕೊಂಡು ಬರುತ್ತಿದ್ದರು.

ಈ ತಟ್ಟೆಯಲ್ಲಿ ಆರ್ಕೆಸ್ಟ್ರಾಟಸನಿಗೆ ಗುರುತು ಸಿಗುವುದು ಎಷ್ಟು? ಮೀನು, ಉಪ್ಪು, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು. ನಿಂಬೆ ಆ ಕಡಲಿನ ಸುತ್ತ ಹಬ್ಬಿದ್ದು ಅರಬರ ಕಾಲದಲ್ಲಿ. ಟೊಮಾಟೊ ಅಮೆರಿಕಾ ಖಂಡದ್ದು. ಗ್ರೀಸಿಗೆ ಬಂದದ್ದು 19ನೆಯ ಶತಮಾನದ ಆದಿಯಲ್ಲಿ. ಮೆಣಸು ನಮ್ಮ ಪಶ್ಚಿಮ ಘಟ್ಟದ್ದು. ತಟ್ಟೆಗೆ ಅವರು ಹೇಳುವ 'ತಪ್ಸಿ' ಎಂಬ ಹೆಸರೂ ತುರ್ಕಿಯ ಭಾಷೆಯಿಂದ ಬಂದದ್ದು.

ಇದೆಲ್ಲ ಕೇವಲ ಕುತೂಹಲದ ಮಾತಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ 20ನೆಯ ಶತಮಾನದಲ್ಲಿ ಇದು ಮನುಷ್ಯರ ಮಾನಾಪಮಾನದ ಪ್ರಶ್ನೆಯಾಯಿತು. 1922ರಲ್ಲಿ ಏಷ್ಯಾ ಮೈನರಿನ ಯುದ್ಧದಲ್ಲಿ ಗ್ರೀಸು ಸೋತಿತು; ಸ್ಮಿರ್ನಾ ನಗರ ಬೆಂಕಿಗೆ ಆಹುತಿಯಾಯಿತು. 1923ರ ಲೋಸಾನ್ ಒಪ್ಪಂದದ ಪ್ರಕಾರ ಎರಡು ದೇಶಗಳೂ ಧರ್ಮವನ್ನು ನೋಡಿ ಜನರನ್ನು ಬದಲಾಯಿಸಿಕೊಂಡವು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದಿಳಿದರು. ಸುಮಾರು 4 ಲಕ್ಷ ಮುಸಲ್ಮಾನರು ಅಲ್ಲಿಂದ ತುರ್ಕಿಗೆ ಹೊರಟರು. ಹೊಲಮನೆ ಬಿಟ್ಟು ಬಂದವರಿಗೆ ಉಳಿದಿದ್ದ ಆಸ್ತಿಯಲ್ಲಿ ಅಡಿಗೆಯ ಕೈರುಚಿಯೂ ಒಂದು. ಅವರು ಜೀರಿಗೆ, ದಾಲ್ಚಿನ್ನಿಗಳನ್ನು ಧಾರಾಳವಾಗಿ ಬಳಸುತ್ತಿದ್ದರು, ಮೊಸರನ್ನು ಹೆಚ್ಚಾಗಿ ತಿನ್ನುತ್ತಿದ್ದರು. ಸ್ಥಳೀಯರಲ್ಲಿ ಕೆಲವರು ಅವರನ್ನು ಮೊಸರಿನಲ್ಲಿ ದೀಕ್ಷಾಸ್ನಾನ ಮಾಡಿದವರು ಎಂದು ಹಂಗಿಸಿದರು. ತಮ್ಮದೇ ಮತ, ತಮ್ಮದೇ ಜನ. ಆದರೂ ತಟ್ಟೆ ನೋಡಿ ಪರಕೀಯರೆಂದರು.

ಅದೇ ಕಾಲದಲ್ಲಿ ನಿಕೋಲಾಸ್ ಚೆಲೆಮೆಂಟೆಸ್ ಎಂಬ ಅಡಿಗೆಯ ಪಂಡಿತರ (1878–1958) ಪುಸ್ತಕ ಗ್ರೀಸಿನಲ್ಲಿ ಮನೆಮನೆಗೂ ಹಬ್ಬಿತು. ಗ್ರೀಕರ ಮೂಲ ಅಡಿಗೆ ಸರಳವೂ ಶುದ್ಧವೂ ಆಗಿತ್ತು, ಮಸಾಲೆಯೆಲ್ಲ ತುರ್ಕರ ಸಹವಾಸದಿಂದ ಅಂಟಿದ ಕೊಳೆ, ಅದನ್ನು ತೊಳೆಯಬೇಕು ಎಂಬುದು ಅವರ ವಾದ. ತೊಳೆದ ಜಾಗಕ್ಕೆ ಅವರು ತಂದಿಟ್ಟದ್ದು ಫ್ರಾನ್ಸಿನ ಬೆಣ್ಣೆ, ಹಾಲು, ಮೈದಾ ಹಿಟ್ಟಿನ ಬಿಳಿಯ ಸಾಸು! ಅವರ ಹೆಸರೇ ಗ್ರೀಕ್ ಭಾಷೆಯಲ್ಲಿ ಪಾಕಪುಸ್ತಕಕ್ಕೆ ಪರ್ಯಾಯವಾಯಿತು. ಆದರೆ ಪ್ರಾಚೀನರೇ ಅವರ ಪಕ್ಷಕ್ಕೆ ಸಾಕ್ಷಿ ಹೇಳುವುದಿಲ್ಲ. ಜೀರಿಗೆ, ಕೊತ್ತಂಬರಿ, ಓರೆಗಾನೊ, ಗಿಣ್ಣ, ಸಿಲ್ಫಿಯಂ ಎಲ್ಲವೂ ತುರ್ಕರ ಹೆಸರು ಕೇಳುವುದಕ್ಕೆ ಸಾವಿರ ವರ್ಷ ಮೊದಲೇ ಗ್ರೀಕರ ಮೀನಿನ ಮೇಲೆ ಬಿದ್ದಿದ್ದವು. ಆರ್ಕೆಸ್ಟ್ರಾಟಸ್ ಮಸಾಲೆ ಹೆಚ್ಚಾಯಿತೇ ಎಂದು ಕೇಳಿದನು. ಅದು ಯಾವ ಜನಾಂಗದ್ದು ಎಂದು ಕೇಳಲಿಲ್ಲ.

ಕಾಲ ಈ ವ್ಯಾಜ್ಯವನ್ನು ತನ್ನದೇ ರೀತಿಯಲ್ಲಿ ತೀರ್ಮಾನಿಸಿದೆ. ನಿರಾಶ್ರಿತರು ತಂದ ಸ್ಮಿರ್ನಾದ ಅಡಿಗೆಗಳು ಇಂದು ಗ್ರೀಸಿನ ಹೆಮ್ಮೆಯ ಅಡಿಗೆಗಳಲ್ಲಿ ಸೇರಿವೆ. ಬಿಳಿಯ ಸಾಸೂ ಉಳಿದಿದೆ. ಮೀನಿನ ಪ್ಲಾಕಿಯನ್ನು ಅಜ್ಜಿಯ ಅಜ್ಜಿಯ ಕಾಲದ್ದೆಂದು ಬಡಿಸುವವರಿಗೆ ಟೊಮಾಟೊ ಪರದೇಶದ್ದು ಎಂಬ ನೆನಪೇ ಇಲ್ಲ. ನಮ್ಮ ವಿಷಯವೂ ಇದಕ್ಕೆ ಹೊರತಲ್ಲ. ಅಮೆರಿಕಾದ ಟೊಮಾಟೊವನ್ನೂ ಒಣಮೆಣಸಿನಕಾಯಿಯನ್ನೂ ಹಾಕಿ, ಅಫಘಾನಿಸ್ಥಾನದ ಇಂಗಿನ ಒಗ್ಗರಣೆ ಕೊಟ್ಟು, ನಮ್ಮ ಅಪ್ಪಟ ಮನೆಯ ಸಾರೆಂದು ನಾವು ನೆಂಟರಿಗೆ ಬಡಿಸುತ್ತೇವೆ. ಅದು ಸುಳ್ಳೂ ಅಲ್ಲ. ಬಂದ ನೆಂಟ ಮನೆಯವನಾಗುವುದಕ್ಕೆ ಎಷ್ಟು ಕಾಲ ಬೇಕು ಎಂಬುದಷ್ಟೇ ಪ್ರಶ್ನೆ.