ಅಂಗೈಯ ಮೇಲಿನ ಲೆಕ್ಕ

ಹನೂರಿನ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ ಮಾತನಾಡುತ್ತಾ, “ಸಾರ್, ಈಗ ಬೆತ್ತ ಹಿಡಿಯುವ ಹಾಗಿಲ್ಲ. ಬೆತ್ತವಿಲ್ಲದೆ ಈ ಪುಟ್ಟ ಮಕ್ಕಳಿಗೆ ಶಿಸ್ತು ಬರುವುದು ಹೇಗೆ? ನಿಮ್ಮ ಕಾಲವೇ ಚೆನ್ನಾಗಿತ್ತು” ಎಂದ. ಆ ಹೊತ್ತಿಗೆ ಏನೋ ಹೇಳಿ ಮಾತು ಮುಗಿಸಿದೆ. ನಮ್ಮ ಕಾಲ ನಿಜವಾಗಿಯೂ ಚೆನ್ನಾಗಿತ್ತೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅವನಿಗೆ ಹೇಳಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಊರ ಶಾಲೆಗಳ ಬಗ್ಗೆ ಕಲೆಕ್ಟರರಿಂದ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಅವುಗಳಲ್ಲಿ ಪ್ರಸಿದ್ಧವಾದುದು. ಮಕ್ಕಳು ಬೆಳಗಿನ ಆರು ಗಂಟೆಗೆ ಶಾಲೆಗೆ ಸೇರಬೇಕು. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಮುಂದಿರುವ ಮಕ್ಕಳು ಹಿಂದಿರುವವರಿಗೆ ಕಲಿಸುವುದು ಮುಂತಾದವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ. ನಿಜಕ್ಕೂ ಮೆಚ್ಚತಕ್ಕ ಕ್ರಮಗಳೇ. ಆದರೆ ಆ ಅಂಗೈಯನ್ನು ಗಮನಿಸಿ. ಮಗುವಿನ ನಡತೆಯ ಲೆಕ್ಕ ಮಗುವಿನ ಕೈಮೇಲೆಯೇ ಇದೆ. ಬರೆಯುವವರು ಮಾತ್ರ ಬೇರೆಯವರು. ಬರೆಯುವವರು ಇಲ್ಲದ ದಿನ ಆ ಹುಡುಗ ಎಷ್ಟು ಹೊತ್ತಿಗೆ ಏಳುತ್ತಿದ್ದನೋ!

ಇನ್ನು ನಮ್ಮ ಸೀಮೆಗೆ ಬರೋಣ. ನಿಮ್ಮಲ್ಲಿ ಕಿರಿಯರಿಗೆ ತಿಳಿಯದಿರಬಹುದು: ಒಂದೇ ಭಾಷೆಯಾಡುವ ನೆರೆಯೂರುಗಳಾದ ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ 1956ರ ನವೆಂಬರ್ 1ರವರೆಗೆ ರಾಜ್ಯದ ಗಡಿಯೇ ಇತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿಗೆ ಸೇರಿತ್ತು. ಕೊಳ್ಳೇಗಾಲ ತಾಲ್ಲೂಕು, ಅದರೊಳಗಿದ್ದ ಹನೂರು ಸಮೇತ, ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದಲೇ 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿಯವರು ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ತಂದ ಹೊಸ ಯೋಜನೆ ನಮ್ಮೂರಿಗೂ ಬಂದಿತು. ಶಾಲೆ ದಿನಕ್ಕೆ ಮೂರು ಗಂಟೆ ಮಾತ್ರ. ಉಳಿದ ಹೊತ್ತು ಮಗು ಮನೆಯಲ್ಲಿ ತಂದೆಯ ಕಸುಬನ್ನು ಕಲಿಯಬೇಕು. ಆಗ ನಾಲ್ಕನೆಯ ತರಗತಿಯಲ್ಲಿದ್ದ ನಮ್ಮ ಚಿಕ್ಕಪ್ಪ ಅದನ್ನು ನೆನೆದು, “ಬೆಳಿಗ್ಗೆ ಮಗ್ಗಿ, ಮಧ್ಯಾಹ್ನ ದನ” ಎಂದು ನಗುತ್ತಿದ್ದರು. ದುಡಿಮೆಯಿಂದ ಶಿಸ್ತು ಬರುತ್ತದೆಂಬ ಮಾತು ಸುಳ್ಳಲ್ಲ. ಆದರೆ ಕುಂಬಾರನ ಮಗ ಕುಂಬಾರನೇ, ಗೌಡರ ಮನೆಯ ಆಳಿನ ಮಗ ಆಳೇ ಆಗಲಿ ಎಂದಂತಾಯಿತಲ್ಲ! ತಮಿಳರು ಅದನ್ನು ‘ಕುಲಕಲ್ವಿ’, ಅಂದರೆ ಕುಲದ ವಿದ್ಯೆ, ಎಂದು ಕರೆದು ವಿರೋಧಿಸಿದರು. 1954ರ ಏಪ್ರಿಲ್‌ನಲ್ಲಿ ಕಾಮರಾಜರು ಮುಖ್ಯಮಂತ್ರಿಯಾದ ಮೇಲೆ ಯೋಜನೆಯನ್ನು ಕೈಬಿಟ್ಟರು. ಇಲ್ಲಿಯೂ ಲೆಕ್ಕ ಬರೆದವರು ಬೇರೆಯವರೇ. ಅಂಗೈಯ ಮೇಲಲ್ಲ, ಹಣೆಯ ಮೇಲೆ.

ದುಡಿಮೆಯನ್ನೇ ನೆಚ್ಚಿದ ಇನ್ನೊಂದು ದಾರಿಯೂ ಇತ್ತು. 1937ರ ಅಕ್ಟೋಬರ್‌ನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ತಜ್ಞರನ್ನು ಸೇರಿಸಿದರು. ಝಾಕಿರ್ ಹುಸೇನರ ಸಮಿತಿ ಮೂಲಶಿಕ್ಷಣದ ರೂಪರೇಖೆಯನ್ನು ಸಿದ್ಧಪಡಿಸಿತು. ಮಾತೃಭಾಷೆಯಲ್ಲಿ ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ. ನಡುವೆ ಒಂದು ಕೈಕಸುಬು. ಆ ಕಸುಬಿಗೆ ಜಾತಿಯಿರಲಿಲ್ಲ. ಯಾರ ಮನೆಯ ಮಗುವಾದರೂ ನೂಲಬೇಕು, ಶಾಲೆಯನ್ನು ಗುಡಿಸಬೇಕು. ಅದರ ನೆರಳು ನನ್ನ ಬಾಲ್ಯಕ್ಕೂ ಬಿದ್ದಿತ್ತು. ಅರವತ್ತರ ದಶಕದ ಕೊನೆಯಲ್ಲಿ ನಮ್ಮೂರ ಶಾಲೆಯಲ್ಲಿ ತಕಲಿಯ ತರಗತಿ ಇತ್ತು. 640 ಎಳೆಯಾದರೆ ಒಂದು ಲಡಿ. ಒಂದು ಎಳೆ ಎಂದರೆ ನಾಲ್ಕು ಅಡಿ. ಆ ದಿನ ಎಷ್ಟು ಎಳೆ ನೂತೆವೆಂಬುದನ್ನು ನಾವೇ ಎಣಿಸಿ ನಮ್ಮ ಪುಸ್ತಕದಲ್ಲಿ ಬರೆಯಬೇಕಿತ್ತು. ಮೇಷ್ಟ್ರು ಅದನ್ನು ತೆಗೆದು ನೋಡುತ್ತಿರಲಿಲ್ಲ.

ಒಂದು ದಿನ ನಾನು ನಲವತ್ತು ನೂತು ಎಂಬತ್ತೆಂದು ಬರೆದೆ. ಯಾರೂ ಕೇಳಲಿಲ್ಲ. ರಾತ್ರಿ ಊಟ ಸೇರಲಿಲ್ಲ. ಮರುದಿನ ಎಂಬತ್ತು ನೂತು ನಲವತ್ತೆಂದು ಬರೆದು ಸರಿದೂಗಿಸಿದೆ. ಅದೂ ಸುಳ್ಳೇ ಎಂದು ಹೊಳೆದಾಗ ಎರಡನ್ನೂ ಹೊಡೆದುಹಾಕಿ ನಿಜವನ್ನು ಬರೆದೆ. ಯಾವ ಬೆತ್ತವೂ ನನಗೆ ಇಷ್ಟನ್ನು ಕಲಿಸಲಿಲ್ಲ.

ಇಷ್ಟು ಕಲಿತವನು ಮುಂದೆ ಮೇಷ್ಟ್ರಾಗಿ ಮಾಡಿದ್ದೇನು? ಇದನ್ನು ಬರೆಯಲು ಸಂಕೋಚವಾಗುತ್ತದೆ. ಸೇವೆಗೆ ಸೇರಿದ ಹೊಸತರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಐದಾರು ದಿನ ಎಡೆಬಿಡದೆ ತಡವಾಗಿ ಬಂದ. ಬಿ.ಇಡಿ.ಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿ ಬಂದಿದ್ದ ನಾನು ಕಾರಣವನ್ನೇ ಕೇಳದೆ ಅವನ ಅಂಗೈಗೆ ದಿನಕ್ಕೊಂದರಂತೆ ಏಟು ಹೆಚ್ಚಿಸುತ್ತಾ ಹೋದೆ. ಆಮೇಲೆ ಬೇರೊಬ್ಬ ಹುಡುಗನಿಂದ ತಿಳಿಯಿತು: ಅವರ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುವ ಹೊತ್ತು, ತಾಯಿಗೆ ಕಾಯಿಲೆ. ಹುಡುಗ ನಸುಕಿನಲ್ಲೇ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ತಟ್ಟೆ ಶುಚಿ ಮಾಡಿ, ಮೂರು ಮೈಲಿ ನಡೆದು ಬರುತ್ತಿದ್ದ. ಸೊಪ್ಪು ಹಾಕಿದ ಹೊತ್ತನ್ನು ಗೋಡೆಯ ಮೇಲೆ ಇದ್ದಿಲಿನಿಂದ ತಾನೇ ಗುರುತು ಹಾಕಿಕೊಳ್ಳುತ್ತಿದ್ದನಂತೆ. ಅಂದರೆ ನಾನು ಯಾವುದನ್ನು ಕಲಿಸಲು ಹೊಡೆಯುತ್ತಿದ್ದೆನೋ ಅದು ನನಗಿಂತ ಹೆಚ್ಚಾಗಿ ಅವನಲ್ಲಿತ್ತು. ಕ್ಯಾಂಪ್‌ಬೆಲ್ಲನ ವರದಿಯನ್ನು ಎಷ್ಟೋ ವರ್ಷಗಳ ನಂತರ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಆ ಅಂಗೈ. ಅವನು ಇದನ್ನು ಓದುತ್ತಿದ್ದರೆ ಕ್ಷಮಿಸಲಿ. ಅಂದು ಕೇಳುವ ಧೈರ್ಯ ನನಗಿರಲಿಲ್ಲ.

ಅನಂತರ ಕಾಲ ಬದಲಾಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಗೋಡೆಯ ಮೇಲೆ ಕಲಿಕೆಯ ಏಣಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಒಂದನೆಯ ತರಗತಿಯ ಮಗುವೇ ನೋಡಿಕೊಂಡು ತನ್ನ ಕಾರ್ಡನ್ನು ತಾನೇ ತರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ.

ಆದ್ದರಿಂದ, ಅಪ್ಪಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ‘ದಂಡಂ ದಶಗುಣಂ’ ಎಂಬುದನ್ನು ನಂಬಿ ನಾನು ಕೆಟ್ಟೆ. ಹಾಗೆಂದು ಬೆತ್ತವನ್ನು ಬಿಟ್ಟ ಮಾತ್ರಕ್ಕೆ ಶಿಸ್ತು ತಾನಾಗಿ ಬರುವುದೂ ಇಲ್ಲ. ಸಂಜೆ ಗಂಟೆ ಹೊಡೆಯುವ ಮುನ್ನ ಐದು ನಿಮಿಷ ಮಕ್ಕಳನ್ನು ಸುಮ್ಮನೆ ಕೂರಿಸು. ಇಂದು ಏನು ಮಾಡಿದೆ, ಏನು ಉಳಿಯಿತು ಎಂದು ಎರಡು ಸಾಲು ಬರೆಯಲಿ. ಬರೆಯಲು ಬಾರದವರು ಗೆರೆ ಎಳೆಯಲಿ. ಅದನ್ನು ನೀನು ತಿದ್ದಬೇಡ, ಅಂಕ ಹಾಕಬೇಡ. ಕೆಲವರು ಸುಳ್ಳು ಬರೆದಾರು. ಬರೆಯಲಿ, ನಾನೂ ಬರೆದಿದ್ದೆ. ಮತ್ತೆ, ತಡವಾಗಿ ಬಂದ ಮಗುವನ್ನು ಮೊದಲು ಒಳಗೆ ಕರೆದು ಕೂರಿಸಿ, ಆಮೇಲೆ ಕಾರಣ ಕೇಳು.