ಕೊಳಗ, ತಕ್ಕಡಿ ಮತ್ತು ಟಿಎಂಸಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಿರಿಯರಿಗೆ ಭತ್ತ, ರಾಗಿಯೆಂದರೆ ತೂಕವಲ್ಲ, ಅಳತೆ. ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ ಇವೆಲ್ಲ ಪಾತ್ರೆಯ ಲೆಕ್ಕಗಳು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹೊಲಗದ್ದೆಯ ವಿಸ್ತಾರವನ್ನೂ ಅದಕ್ಕೆ ಬೇಕಾಗುವ ಬಿತ್ತನೆ ಬೀಜದ ಲೆಕ್ಕದಲ್ಲಿ ಹೇಳುತ್ತಿದ್ದರು. ಆದರೆ ಬೆಲ್ಲ, ಹುಣಸೆಹಣ್ಣು ತಕ್ಕಡಿಗೆ ಏರುತ್ತಿದ್ದವು. ಅವುಗಳ ಲೆಕ್ಕ ಮಣದಲ್ಲಿ. ಹೀಗೆ ಒಂದೇ ಸಂತೆಯಲ್ಲಿ ಪಾತ್ರೆಯ ಲೆಕ್ಕ, ತಕ್ಕಡಿಯ ಲೆಕ್ಕ ಎರಡೂ ನಡೆಯುತ್ತಿದ್ದವು. ಇವೆರಡನ್ನು ಬೆಸೆಯುವ ಸಂಖ್ಯೆಯೇ ಸಾಂದ್ರತೆ, ಅಂದರೆ ಇಂತಿಷ್ಟು ಜಾಗದಲ್ಲಿ ಇಂತಿಷ್ಟು ತೂಕ.

ಈ ಸಂಖ್ಯೆಯನ್ನು ಬಲ್ಲವನಿಗೆ ಲಾಭ, ಅರಿಯದವನಿಗೆ ನಷ್ಟ. ಒಂದು ಲೀಟರ್ ಪಾತ್ರೆಯಲ್ಲಿ ಭತ್ತ ಸುಮಾರು 550ರಿಂದ 600 ಗ್ರಾಂ ತೂಗಿದರೆ, ಅಕ್ಕಿ ಸುಮಾರು 800 ಗ್ರಾಂ ತೂಗುತ್ತದೆ. ಗೋಪುರದಂತೆ ತುಂಬಿ ಅಳೆದರೆ ಒಂದು ಲೆಕ್ಕ, ಅಂಚಿಗೆ ಸವರಿ ಅಳೆದರೆ ಮತ್ತೊಂದು. ಸಾಲ ಕೊಡುವಾಗ ಸವರಿ, ವಸೂಲಿ ಮಾಡುವಾಗ ತುಂಬಿ ಅಳೆದರೆ ಬಡ ರೈತ ಏನು ಮಾಡಬೇಕು? 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ನಂತರ, 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಊರೂರಿನ ಅಳತೆ-ತೂಕಗಳನ್ನು ಬರೆದಿಟ್ಟುಕೊಂಡ. ಊರಿಂದೂರಿಗೆ ಅವು ಬೇರೆಯಾಗುತ್ತಿದ್ದುದರಿಂದ, ಆ ಲೆಕ್ಕವಿಲ್ಲದೆ ಬೆಳೆಯ ಪ್ರಮಾಣವನ್ನಾಗಲಿ ಕಂದಾಯದ ಭಾರವನ್ನಾಗಲಿ ಅಂದಾಜಿಸುವುದು ಸಾಧ್ಯವಿರಲಿಲ್ಲ.

ಸಾಂದ್ರತೆಯನ್ನು ನಿಖರವಾಗಿ ಅಳೆಯುವ ಪ್ರಯತ್ನ ಬಹಳ ಹಳೆಯದು. ಭಾರತದ ಕುರಿತು ಗ್ರಂಥ ಬರೆದ ಅಲ್‌ಬಿರೂನಿ ಹನ್ನೊಂದನೆಯ ಶತಮಾನದಲ್ಲಿ ಶಂಕುವಿನಾಕಾರದ ಪಾತ್ರೆಯೊಂದನ್ನು ಬಳಸಿ, ಲೋಹ ಹಾಗೂ ರತ್ನಗಳು ಹೊರಚೆಲ್ಲುವ ನೀರನ್ನು ತೂಗಿ ಅವುಗಳ ಸಾಂದ್ರತೆಯನ್ನು ಹೋಲಿಸಿದರು. ಸುಮಾರು 1121ರಲ್ಲಿ ಅಲ್‌ಖಾಝಿನಿ ರಚಿಸಿದ ‘ಮೀಝಾನುಲ್ ಹಿಕ್ಮಾ’ ಗ್ರಂಥ ಆ ಫಲಿತಾಂಶಗಳನ್ನು ಉಳಿಸಿಕೊಟ್ಟಿತು. ಅದರಲ್ಲಿ ಚಿನ್ನ, ಪಾದರಸಗಳ ಜೊತೆ ಜೇನುತುಪ್ಪ ಮತ್ತು ಹಸುವಿನ ಹಾಲೂ ಇದೆ. ಚಿನ್ನಕ್ಕೆ ಬೆಳ್ಳಿ ಬೆರೆಸಿ ಮೋಸ ಮಾಡುವವರನ್ನು ಕಂಡುಹಿಡಿಯುವುದು ಆ ವಿದ್ಯೆಯ ಒಂದು ಮುಖ್ಯ ಉಪಯೋಗವಾಗಿತ್ತು.

ನಮ್ಮ ದೇಶದಲ್ಲಿ 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂತು. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಹೊಸ ತೂಕಗಳು ಬಳಕೆಗೆ ಬಂದವು. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ ಆಯಿತು. ಮೊದಲು ಒಂದು ಘನ ಅಡಿ ನೀರಿಗೆ 62.4 ಪೌಂಡ್ ಎಂದು ಬಾಯಿಪಾಠ ಮಾಡಬೇಕಿತ್ತು. ಈಗ ಒಂದು ಘನ ಸೆಂಟಿಮೀಟರ್ ನೀರಿಗೆ ಒಂದು ಗ್ರಾಂ ಎಂದರೆ ಸಾಕು. ಒಂದು ಘನ ಮೀಟರಿನಲ್ಲಿ ಹತ್ತು ಲಕ್ಷ ಘನ ಸೆಂಟಿಮೀಟರ್‌ಗಳಿವೆ. ಒಂದು ಟನ್ನಿನಲ್ಲಿ ಹತ್ತು ಲಕ್ಷ ಗ್ರಾಂಗಳಿವೆ. ಆದ್ದರಿಂದ ಘನ ಮೀಟರಿಗೆ ಒಂದು ಟನ್ ಎಂದರೂ ಅದೇ ಉತ್ತರ. ಆದರೆ ಅದನ್ನೇ ಕಿಲೋಗ್ರಾಂನಲ್ಲಿ ಹೇಳಿದರೆ ಸಾವಿರ! ಮಾನ ಬದಲಾದಾಗ ಸಂಖ್ಯೆ ಬದಲಾಗಬಹುದು, ವಸ್ತು ಬದಲಾಗುವುದಿಲ್ಲ. ಒಂದು ಮೀಟರಿಗೆ ನೂರು ಸೆಂಟಿಮೀಟರ್ ಎಂದು ಘನ ಅಳತೆಗೂ ನೂರರಿಂದಲೇ ಗುಣಿಸುವವರು ಎಡವುವುದು ಇಲ್ಲೇ.

ಇದಕ್ಕೆ ಮಂಡ್ಯ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕನ್ನಂಬಾಡಿಯ ಜಲಾಶಯದ ಸಾಮರ್ಥ್ಯ 49.45 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಟನ್ ನೀರು. ತುಂಬಿದ ಅಣೆಕಟ್ಟೆಯಲ್ಲಿ ಹೀಗೆ ಸುಮಾರು 140 ಕೋಟಿ ಟನ್ ನೀರು ನಿಲ್ಲುತ್ತದೆ. ಆದರೂ ಅದರ ಸಾಂದ್ರತೆ ಬೊಗಸೆಯ ನೀರಿನಷ್ಟೇ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ ಈ ಸೀಮೆಗೆ ತಂದ ಇನ್ನೊಂದು ಮಾನ ಬ್ರಿಕ್ಸ್. ನೂರು ಗ್ರಾಂ ದ್ರಾವಣದಲ್ಲಿ ಇಪ್ಪತ್ತು ಗ್ರಾಂ ಸಕ್ಕರೆಯಿದ್ದರೆ ಅದು 20 ಬ್ರಿಕ್ಸ್. ಅದರ ಸಾಂದ್ರತೆ ಸುಮಾರು 1.08.

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿದೆ. ಹಳ್ಳಿಯಲ್ಲಿ ಹಾಲು ಪರೀಕ್ಷೆಗೆ ಬಳಸುವ ಲ್ಯಾಕ್ಟೋಮೀಟರ್ 28 ತೋರಿಸಿದರೆ ಅರ್ಥ 1.028. ಮೂರನೆಯ ದಶಾಂಶ ಸ್ಥಾನದಲ್ಲಿ ರೈತನ ಹಣ ನಿಂತಿದೆ! ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನು ಉಪಕರಣದ ಕಣ್ಣು ತಪ್ಪಿಸಬಹುದು. ಅದಕ್ಕೇ ಕೊಬ್ಬಿನ ಪರೀಕ್ಷೆಯೂ ಬೇಕು. ಇನ್ನೊಂದು ಕಡೆ, ಆಗತಾನೆ ಕರೆದ ಬಿಸಿ ಹಾಲಿನ ಅಂಕಿ ಕಡಿಮೆ ಬರುತ್ತದೆ. ಉಷ್ಣತೆಯ ತಿದ್ದುಪಡಿ ಮಾಡದಿದ್ದರೆ ಪ್ರಾಮಾಣಿಕ ರೈತನೂ ನೀರು ಬೆರೆಸಿದವನಾಗಿ ಕಾಣುತ್ತಾನೆ.

ಅಳತೆ-ತೂಕದಲ್ಲಿ ಮೋಸ ಸಲ್ಲದೆಂದು ಎಲ್ಲ ಧರ್ಮಗಳೂ ಹೇಳಿವೆ. ಆದರೆ ತಕ್ಕಡಿ ಸರಿಯಿದ್ದರಷ್ಟೇ ನ್ಯಾಯ ಪೂರ್ಣವಾಗುವುದಿಲ್ಲ. ಒಂದು ಮಾನದಿಂದ ಇನ್ನೊಂದಕ್ಕೆ ಹೋಗುವ ಲೆಕ್ಕವೂ ಕೊಡುವವನಿಗೆ ಮತ್ತು ಕೊಳ್ಳುವವನಿಗೆ ಸಮನಾಗಿ ತಿಳಿದಿರಬೇಕು. ಶಾಲೆಯಲ್ಲಿ ನಮ್ಮ ಮಕ್ಕಳು ಸಾಂದ್ರತೆಯ ಸೂತ್ರವನ್ನು ಪರೀಕ್ಷೆಗಾಗಿ ಕಲಿಯುತ್ತಾರೆ. ಅವರ ಮನೆಯ ಹಾಲು, ಕಬ್ಬು, ಭತ್ತದ ಬೆಲೆ ಅದರಲ್ಲೇ ಅಡಗಿದೆಯೆಂದು ಅವರಿಗೆ ಹೇಳಿಕೊಡುವ ಹೊಣೆ ನಮ್ಮದು.