ಒಂದು ಸೆಂಟಿಮೀಟರಿನ ಜಗಳ

ಒಲಿಂಪಿಕ್ಸ್ ಬಂತೆಂದರೆ ಪದಕಗಳ ಪಟ್ಟಿ ಹಿಡಿದು ಕೂರುವ ಚಾಳಿ ನಮ್ಮಲ್ಲಿ ಅನೇಕರಿಗಿದೆ. ಹಳೆಯ ಪಟ್ಟಿಗಳನ್ನು ತಿರುವಿದರೆ 1900ರ ಪ್ಯಾರಿಸ್ ಕೂಟದ ಉದ್ದ ಜಿಗಿತದ ಎದುರು ಎರಡು ಅಂಕಿಗಳು ಕಾಣುತ್ತವೆ. ಮೊದಲನೆಯವನದು 7.185 ಮೀಟರ್, ಎರಡನೆಯವನದು 7.175. ನಡುವಿನ ಅಂತರ ಒಂದೇ ಸೆಂಟಿಮೀಟರ್, ಕಿರುಬೆರಳಿನ ಅಗಲ. ಆದರೆ ಆ ಎರಡು ಜಿಗಿತಗಳೂ ಒಂದೇ ದಿನ ನಡೆದವಲ್ಲ ಎಂಬ ಸಂಗತಿಯನ್ನು ಪಟ್ಟಿ ಹೇಳುವುದಿಲ್ಲ.

ಆ ಕೂಟವೇ ಒಂದು ವಿಚಿತ್ರ. ಪ್ಯಾರಿಸಿನ ವಿಶ್ವ ಪ್ರದರ್ಶನದ ಬಾಲಂಗೋಚಿಯಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಎಳೆದುಕೊಂಡು ಹೋಯಿತು. ಓಟ, ಜಿಗಿತಗಳಿಗೆ ದೊರೆತದ್ದು ಬುವಾ ದ ಬುಲೋನ್ ಎಂಬ ವನದೊಳಗೆ ಒಂದು ಕ್ಲಬ್ಬಿನ ಹುಲ್ಲುಬಯಲು. ಎಸೆದ ಡಿಸ್ಕಸ್ ಹೋಗಿ ಮರಕ್ಕೆ ಬಡಿಯುತ್ತಿತ್ತು. ತಾವು ಸ್ಪರ್ಧಿಸಿದ್ದು ಒಲಿಂಪಿಕ್ಸಿನಲ್ಲಿ ಎಂಬುದೇ ತಿಳಿಯದೆ ಊರಿಗೆ ಮರಳಿದವರೂ ಇದ್ದರಂತೆ!

ಇಂಥ ಕೂಟಕ್ಕೆ ಅಮೆರಿಕದಿಂದ ಇಬ್ಬರು ಜಿಗಿತಗಾರರು ಬಂದರು. ಒಬ್ಬ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಲ್ವಿನ್ ಕ್ರೆನ್ಸ್‌ಲೈನ್, ದಂತವೈದ್ಯದ ವಿದ್ಯಾರ್ಥಿ, ಹರ್ಡಲ್ಸ್ ಓಟದಲ್ಲಿ ಅಸಮಾನ. ಇನ್ನೊಬ್ಬ ಮೈಯರ್ ಪ್ರಿನ್‌ಸ್ಟೈನ್. ಈತ 1878ರಲ್ಲಿ ರಷ್ಯದ ಆಳ್ವಿಕೆಯಲ್ಲಿದ್ದ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಬಾಲ್ಯದಲ್ಲೇ ಮನೆಯವರೊಂದಿಗೆ ಕಡಲು ದಾಟಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರ ಸೇರಿದವ. ಹೊಟ್ಟೆಪಾಡಿಗೆ ಊರು ಬಿಟ್ಟ ಕುಟುಂಬದ ಹುಡುಗ ಹೊಸ ಊರಿನ ಹೆಸರು ಎದೆಯ ಮೇಲೆ ಧರಿಸಿ ಆಡುವುದೆಂದರೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯದಲ್ಲಿ ಪ್ರಿನ್‌ಸ್ಟೈನ್ 7.50 ಮೀಟರ್ ಜಿಗಿದು, ಕ್ರೆನ್ಸ್‌ಲೈನನ ದಾಖಲೆಯನ್ನು ಅಳಿಸಿಹಾಕಿದ್ದ.

ಜುಲೈ 14, ಶನಿವಾರ, ಅರ್ಹತಾ ಸುತ್ತು. ಪ್ರಿನ್‌ಸ್ಟೈನ್ 7.175 ಮೀಟರ್ ಜಿಗಿದು ಎಲ್ಲರಿಗಿಂತ ಮುಂದೆ ನಿಂತ. ಅಂತಿಮ ಸ್ಪರ್ಧೆ ಮರುದಿನ, ಭಾನುವಾರ. ಫ್ರೆಂಚರಿಗೆ ಅದು ಜನ ಸೇರುವ ರಜಾದಿನ. ಅಮೆರಿಕದ ಅನೇಕ ಕಾಲೇಜುಗಳಿಗೆ ಪ್ರಾರ್ಥನೆಯ ದಿನ. ಅಮೆರಿಕನ್ನರ ಆಕ್ಷೇಪಣೆಗೆ ಬೆಲೆ ಸಿಗಲಿಲ್ಲ. ಸಿರಾಕ್ಯೂಸ್ ವಿಶ್ವವಿದ್ಯಾಲಯ ಮೆಥಡಿಸ್ಟರು ಕಟ್ಟಿದ್ದು. ಭಾನುವಾರ ಆಡಕೂಡದೆಂದು ಅದು ಕಟ್ಟಪ್ಪಣೆ ಮಾಡಿತು. ಪೆನ್ಸಿಲ್ವೇನಿಯ ಮಾತ್ರ ತನ್ನ ಹುಡುಗರ ಮನಸ್ಸಿಗೆ ಬಿಟ್ಟಿತು.

ಯಹೂದಿಯ ಪವಿತ್ರ ದಿನ ಶನಿವಾರವಷ್ಟೆ. ತನ್ನವರ ಸಬ್ಬತ್ತಿನ ದಿನ ಜಿಗಿದವನು ಕ್ರೈಸ್ತರ ಸಬ್ಬತ್ತಿಗಾಗಿ ಕೈಕಟ್ಟಿ ಕೂರಬೇಕಾಯಿತು!

ಅರ್ಹತಾ ಸುತ್ತಿನ ಅಳತೆಯೂ ಅಂತಿಮ ಲೆಕ್ಕಕ್ಕೆ ಸೇರುತ್ತಿತ್ತು. ಆದ್ದರಿಂದ ಭಾನುವಾರ ಕ್ರೆನ್ಸ್‌ಲೈನನಿಗೆ ಎದುರಾಳಿಯಾಗಿದ್ದದ್ದು ಕಾಗದದ ಮೇಲಿನ ಒಂದು ಅಂಕಿ ಮಾತ್ರ. ಮತ್ತೆ ಮತ್ತೆ ಜಿಗಿದು 7.185 ಮುಟ್ಟಿದ. ಭಾನುವಾರ ಇಬ್ಬರೂ ಜಿಗಿಯುವುದು ಬೇಡವೆಂದು ಮಾತಾಗಿತ್ತು ಎಂಬುದು ಪ್ರಿನ್‌ಸ್ಟೈನನ ದೂರು. ಸೋಮವಾರ ಮತ್ತೊಮ್ಮೆ ಜಿಗಿದು ನೋಡೋಣ ಬಾ ಎಂದು ಕರೆದ, ಕ್ರೆನ್ಸ್‌ಲೈನ್ ಒಪ್ಪಲಿಲ್ಲ. ಪ್ರಿನ್‌ಸ್ಟೈನ್ ಅವನ ಮುಖಕ್ಕೆ ಗುದ್ದಿದನೆಂದು ಕೆಲವರು ಬರೆದಿದ್ದಾರೆ. ಗುದ್ದುವ ಮೊದಲೇ ಹಿಡಿದುಕೊಂಡರೆಂದು ಇನ್ನು ಕೆಲವರು.

ಕ್ರೆನ್ಸ್‌ಲೈನ್ ಯಾವ ನಿಯಮವನ್ನೂ ಮೀರಲಿಲ್ಲ, ನಿಜ. ಆದರೂ ಎದುರಾಳಿ ಇಲ್ಲದ ಅಖಾಡದಲ್ಲಿ ಗೆದ್ದ ಗೆಲುವಿಗೆ ಎದ್ದು ನಿಂತು ಚಪ್ಪಾಳೆ ತಟ್ಟಲು ನಮಗೆ ಮನಸ್ಸು ಬಾರದು. ಆತ ಆ ಕೂಟದಲ್ಲಿ 60 ಮೀಟರ್ ಓಟ, ಎರಡು ಹರ್ಡಲ್ಸ್, ಉದ್ದ ಜಿಗಿತ, ಹೀಗೆ ನಾಲ್ಕು ವೈಯಕ್ತಿಕ ಪ್ರಥಮಗಳನ್ನು ಪಡೆದ. ಒಂದೇ ಒಲಿಂಪಿಕ್ಸಿನ ಅಥ್ಲೆಟಿಕ್ಸಿನಲ್ಲಿ ಅಷ್ಟನ್ನು ಇಂದಿಗೂ ಬೇರೆ ಯಾರೂ ಗಳಿಸಿಲ್ಲ. ಅಂದಹಾಗೆ 200 ಮೀಟರ್ ಹರ್ಡಲ್ಸಿನಲ್ಲಿ ಆತನ ಹಿಂದೆ ಎರಡನೆಯವನಾಗಿ ಬಂದವನು ಕಲ್ಕತ್ತದಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್. ಆ ಪದಕ ಭಾರತದ್ದೋ ಬ್ರಿಟನ್ನಿನದೋ ಎಂಬ ವಾದ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ಸೋಮವಾರ ಪ್ರಿನ್‌ಸ್ಟೈನ್ ತ್ರಿವಿಧ ಜಿಗಿತಕ್ಕಿಳಿದು 14.47 ಮೀಟರ್ ದಾಟಿ ಮೊದಲಿಗನಾದ. ಸೋತವನು 1896ರ ಆಥೆನ್ಸಿನ ವಿಜೇತ ಜೇಮ್ಸ್ ಕಾನಲಿ. ನಾಲ್ಕು ವರ್ಷಗಳ ನಂತರ ಸೇಂಟ್ ಲೂಯಿಯಲ್ಲಿ 7.34 ಮೀಟರ್ ಜಿಗಿದು ಉದ್ದ ಜಿಗಿತವನ್ನೂ, ಅದೇ ದಿನ ತ್ರಿವಿಧ ಜಿಗಿತವನ್ನೂ ಗೆದ್ದ. ಅಷ್ಟು ಹೊತ್ತಿಗೆ ಕ್ರೆನ್ಸ್‌ಲೈನ್ ಸ್ಪರ್ಧೆಗಳಿಂದ ದೂರ ಸರಿದಿದ್ದ.

1906ರಲ್ಲಿ ಆಥೆನ್ಸಿನಲ್ಲಿ ಮತ್ತೊಂದು ಕೂಟ ನಡೆಯಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಪ್ರಿನ್‌ಸ್ಟೈನನ ಎದುರು ನಿಂತವನು 7.61 ಮೀಟರಿನ ವಿಶ್ವದಾಖಲೆ ಹೊಂದಿದ್ದ ಐರ್ಲೆಂಡಿನ ಪೀಟರ್ ಓಕಾನರ್. ಪ್ರಿನ್‌ಸ್ಟೈನ್ 7.20 ಜಿಗಿದು ಗೆದ್ದ. ಜಿಗಿತಗಳನ್ನು ತೀರ್ಮಾನಿಸುತ್ತಿದ್ದವನು ಅಮೆರಿಕ ತಂಡದ ಮ್ಯಾನೇಜರ್; ತನಗೆ ಅನ್ಯಾಯವಾಯಿತೆಂದು ಓಕಾನರ್ ದೂರಿದ, ಕೇಳುವವರಿರಲಿಲ್ಲ. ಎರಡನೆಯ ಸ್ಥಾನಕ್ಕೆಂದು ಬ್ರಿಟನ್ನಿನ ಬಾವುಟ ಏರಿಸಿದಾಗ ಆತ ಕಂಬ ಹತ್ತಿ ಐರ್ಲೆಂಡಿನ ಹಸಿರು ಬಾವುಟ ಬೀಸಿದ. ಈ ಸಲ ಮೊದಲ ಸ್ಥಾನ ಪ್ರಿನ್‌ಸ್ಟೈನನದು.